ಆಯಿಯ ತೂಕಕ್ಕೆ ಕೊಯ್ದ ಗಾಜು

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಕಾಕಾ ಐನಾಪುರದ ದನದ ಕೊಟ್ಟಿಗೆಯಲ್ಲಿ ಒಂದು ಕಾರು ಕಟ್ಟಿದ. ಹಳೆ ಜೀಪಿನ ಅಡಿ, ನೀರೆತ್ತುವ ಡೀಸೆಲ್ ಎಂಜಿನ್ನು, ತಗಡಿನ ಮೈ. ಹಾರ್ನ್ ಇರಲಿಲ್ಲ; ಹಾರ್ನ್ ನಾನೇ. ಯಾರ ದನಿಯನ್ನಾದರೂ ತೆಗೆಯಬಲ್ಲ ನನಗೆ ಬಿ.ಎ. ನಪಾಸಾದ ಮೇಲೆ ಸಿಕ್ಕ ಮೊದಲ ಹುದ್ದೆ ಅದು. ನನ್ನ ಪೀಂ ಪೀಂ ಕೇಳಿದ ಎಮ್ಮೆಗಳು ಮಾತ್ರ ದಾರಿ ಬಿಡುವ ಬದಲು ಪ್ರೀತಿಯಿಂದ ಹತ್ತಿರ ಬರುತ್ತಿದ್ದವು.

ಕಾಕಾ ಇಷ್ಟೆಲ್ಲ ಮಾಡಿದ್ದು ಅವನ ಅವ್ವನಿಗಾಗಿ, ಅಂದರೆ ನಮ್ಮ ಆಯಿಗಾಗಿ. ಮೊಣಕಾಲು ಹಿಡಿದು ಬಸ್ಸಿನ ಮೆಟ್ಟಿಲು ಹತ್ತಲಾಗದೆ ಆಕೆ ಯಡೂರಿನ ವೀರಭದ್ರನ ಮುಖ ಕಂಡು ಎಷ್ಟೋ ವರ್ಷವಾಗಿತ್ತು. ಆದರೆ ಕಾರಿನ ಸುತ್ತ ಒಂದು ಸುತ್ತು ಹಾಕಿ ಆಯಿ ಅಂದಳು:

“ಬಾಗಲಕ್ಕ ಗ್ಲಾಸಿಲ್ಲ. ಯಡೂರ ಮುಟ್ಟೂದ್ರಾಗ ರಸ್ತೆದ ಮಣ್ಣೆಲ್ಲಾ ನನ್ನ ಬಾಯಾಗ ಇರತೈತಿ. ಗ್ಲಾಸ ಹಾಕು, ಕೂಡತೇನಿ. ಇಲ್ಲಾಂದ್ರ ಇದರಾಗ ಕೋಳಿ ಸಾಕು.”

ಇಂಥ ಬಾಗಿಲಿಗೆ ಯಾವ ಅಂಗಡಿಯಲ್ಲೂ ಗಾಜು ಸಿಗದು. ಅಥಣಿಯಿಂದ ಫೋಟೋಗಳಿಗೆ ಫ್ರೇಮ್ ಹಾಕುವವನನ್ನು ಕರೆತಂದೆವು. ಅವನು ಬಾಗಿಲ ಕಿಂಡಿಗೆ ರಟ್ಟು ಹಿಡಿದು ರೂಢಿಯಂತೆ ಕೇಳಿದ: “ಮ್ಯಾಲ ಮಾಲಿ ಹಾಕಾಕ ಮೊಳಿ ಹೊಡೀಲೇನ್ರಿ?”

ಕಟ್ಟೆಯ ಮೇಲಿಂದ ಆಯಿ ಅಂದಳು: “ನೋಡ್ರಿ, ಇಂವ ಗ್ಲಾಸ ಹಾಕಿದವರೆಲ್ಲಾ ಗ್ವಾಡಿ ಮ್ಯಾಗ ಅದಾರ!”

ತೊಡಕು ಬೇರೆಯೇ ಇತ್ತು. ಒಳಗೆ ಮಂದಿ ಕೂತರೆ ಜೀಪಿನ ಅಡಿ ಕುಗ್ಗಿ ಕಿಂಡಿ ಬೆರಳಗಲ ಓರೆಯಾಗುತ್ತಿತ್ತು. ಖಾಲಿ ಗಾಡಿಗೆ ಅಳತೆ ತೆಗೆದರೆ ಗಾಜು ಸಿಕ್ಕಿಕೊಳ್ಳುವುದು ಖಂಡಿತ. ಹಾಗಾಗಿ ಕಾಕಾ, ಅವನ ಹೆಂಡತಿ ಕಾಕು, ನಾನು ಒಳಗೆ ಕೂತೆವು. ಗಾಜಿಲ್ಲದ ಗಾಡಿಗೆ ಕಾಲಿಡೆನೆಂದ ಆಯಿಯ ಜಾಗದಲ್ಲಿ ಜೋಳದ ಚೀಲ ಇಡುವುದೆಂದಾಯಿತು. ಎಷ್ಟು ಜೋಳ?

ಫ್ರೇಮಿನವ ಆಯಿಯನ್ನು ಮೇಲಿಂದ ಕೆಳಗೆ ನೋಡಿದ. “ಒಂದು ಚೀಲ...”

“ಏ, ಸಾವಕಾಶ ಮಾತಾಡೋ!” ಅಂದ ಕಾಕಾ. “ನಮ್ಮವ್ವ ಎಲ್ಲಿ ಚೀಲಾದಾಳು? ಅರ್ಧ ಹಾಕು.”

“ಅರ್ಧಾನೂ ಹೆಚ್ಚಾತು. ಅತ್ತಿ ಎಲ್ಲಿ ಊಟಾ ಮಾಡತಾರ?” ಅಂದಳು ಕಾಕು, ಕಟ್ಟೆಗೆ ಕೇಳುವಷ್ಟು ಗಟ್ಟಿಯಾಗಿ.

ಹೀಗೆ ಮರ್ಯಾದೆ ಕೊಡುತ್ತ ಕೊಡುತ್ತ ಆಯಿಯನ್ನು ಕಾಲು ಚೀಲಕ್ಕೆ ಇಳಿಸಿದೆವು. ನಾನು ಚೀಲದ ಹಿಂದಿನಿಂದ ಆಯಿಯ ದನಿ ತೆಗೆದೆ: “ಸರದ ನಿಂದ್ರಲೇ, ಮೊಣಕಾಲ ತಾಗತೈತಿ!” ಫ್ರೇಮಿನವ ಬೆಚ್ಚಿ ಚೀಲಕ್ಕೆ ಕೈಮುಗಿದ.

ಗಾಜು ಕೊಯ್ದಾಯಿತು. ಅದು ಜಾರುವ ಸಂದಿಗೆ ಕುರುಬರ ಕಂಬಳಿಯ ಪಟ್ಟಿ ಅಂಟಿಸಿ, ಎತ್ತುವುದಕ್ಕೆ ಚರ್ಮದ ಬೆಲ್ಟ್ ಕಟ್ಟಿದೆವು. ಮೇಲೆ, ಕೆಳಗೆ, ಬೆಣ್ಣೆಯ ಹಾಗೆ! ಆಯಿ ಹೊಸ ಇಳಕಲ್ಲ ಸೀರೆ ಉಟ್ಟು, ದೇವರಿಗೆ ಕಾಯಿ ಹಿಡಿದುಕೊಂಡು ಬಂದು ಕೂತಳು. ಗಾಡಿ ನರಳಿ ಆಕೆಯ ಕಡೆ ವಾಲಿತು. ಕಾಕಾ ಬೆಲ್ಟ್ ಎಳೆದ. ಗಾಜು ಅರ್ಧಕ್ಕೆ ಬಂದು ನಿಂತುಬಿಟ್ಟಿತು.

“ಯಾಕ ನಿಂತೈತಿ?”

ಕಾಕಾ ಟಾಯರ್ ನೋಡಿದ. ಕಾಕು ಆಕಾಶ ನೋಡಿದಳು. “ಕಂಬಳಿ ದಪ್ಪಾತ್ರಿ, ಆಯಿ,” ಅಂದ ಫ್ರೇಮಿನವ.

“ಕಂಬಳಿ ದಪ್ಪಾತೋ, ನಾನೋ?”

ನನಗೆ ತಡೆಯಲಾಗಲಿಲ್ಲ. ಫ್ರೇಮಿನವನ ದನಿಯಲ್ಲೇ “ಒಂದು ಚೀಲ...” ಅಂದುಬಿಟ್ಟೆ.

ಆಯಿ ನನ್ನನ್ನು ದುರುಗುಟ್ಟಿದಳು. “ಎಲ್ಲಾ ಕೇಳೇನಲೇ ಮಂಗ್ಯಾ. ಹೊಗಳಾಕತ್ತಾರಲ್ಲಾ ಅಂತ ಸುಮ್ನ ಕುಂತಿದ್ದೆ. ಕಾಲು ಚೀಲಂತ! ತುಲಾಭಾರ ಮಾಡಸಿದ್ರೂ ದೇವರಿಗೆ ಹಿಂಗ ಟೋಪಿ ಹಾಕ್ತಿದ್ರೇನ? ನಾ ಇಳ್ಯೂದಿಲ್ಲ. ನನ್ನ ಮ್ಯಾಲ ಅಳತಿ ತಗೋರಿ.”

ಇಳಿಯಲಿಲ್ಲ. ಚಹಾ, ರೊಟ್ಟಿ, ಎಲೆಯಡಿಕೆ ಎಲ್ಲ ಕಾರಿಗೇ ಸರಬರಾಜಾದವು. ಫ್ರೇಮಿನವ ಗಾಜಿನ ಒಂದಂಚನ್ನು ಓರೆಯಾಗಿ ಕೊಯ್ದು ಮತ್ತೆ ಕೂಡಿಸಿದ. ಕಾಕಾ ಉಸಿರು ಹಿಡಿದು ಬೆಲ್ಟ್ ಎಳೆದ. ಗಾಜು ಸರ್ರನೆ ತುದಿ ಮುಟ್ಟಿತು. ಫ್ರೇಮಿನವ ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ, ಗಾಜಿನೊಳಗಿನ ಆಯಿ ಸೊಟ್ಟಗಿಲ್ಲ ತಾನೇ ಎಂದು ನೋಡಿದ.

ಆವತ್ತೇ ಯಡೂರಿಗೆ ಹೋದೆವು. ದಾರಿಯುದ್ದಕ್ಕೂ ಹಿಂದಿನಿಂದ ತಲೆ ಹೊರಹಾಕಿ ಪೀಂ ಪೀಂ ಎಂದ ನನ್ನ ಬಾಯೊಳಗೆ ಮಣ್ಣು ತುಂಬಿತು. ಆಯಿಯ ಬಾಯೊಳಗೆ ಎಲೆಯಡಿಕೆ ಬಿಟ್ಟು ಬೇರೇನೂ ಹೋಗಲಿಲ್ಲ.

ಆದರೆ ಆಯಿ ಇಳಿದರೆ ಕಿಂಡಿ ಅಗಲವಾಗಿ ಗಾಜು ಧಡಕ್ಕೆಂದು ಒಳಗೆ ಬೀಳುತ್ತಿತ್ತು. ಕಾಕಾ ಒಬ್ಬನೇ ಅಥಣಿಗೆ ಹೊರಟರೆ ಆಯಿ ಕೂಡುವ ಮುಂದಿನ ಸೀಟಿನಲ್ಲಿ ಜೋಳ ಕೂಡಬೇಕು. ಆಯಿ ಕಟ್ಟೆಯಿಂದಲೇ ಕೂಗುತ್ತಿದ್ದಳು:

“ಚೀಲ ತುಂಬಿ ಇಡಲೇ! ಮರ್ಯಾದಿ ಕೊಡಬ್ಯಾಡ!”