ಜಡೆ ಹೆಣೆಯುವ ಹೊತ್ತಿನ ಪ್ರಾರ್ಥನೆ

ದೊಡ್ಡಮ್ಮನಿಗೆ ಮೈಕು ಬೇಕಿರಲಿಲ್ಲ. ಅನಾಥಾಲಯದ ಹಿಂದಿನ ಜಗುಲಿಯಲ್ಲಿ ಕೂತು ಅವಳು ‘ಕರ್ತನೇ’ ಎಂದು ಬಾಯಿ ತೆರೆದರೆ, ಅಂಗಳದಾಚೆಯ ಮನೆಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ ಪಾದ್ರಿಗಳ ಕೈ ಒಮ್ಮೆ ನಿಲ್ಲುತ್ತಿತ್ತು. ಹುಡುಗಿಯರು ಬೆನ್ನ ಹಿಂದೆ ಅವಳನ್ನು ಮೈಕಮ್ಮ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಇಲ್ಲಿಗೆ ಬಟ್ಟೆ ಒಗೆಯಲು ಬಂದವಳು, ಜ್ವರ ಬಂದ ಮಗುವೊಂದರ ಪಕ್ಕ ಒಂದು ದಿನ ಕೂತಳು. ಆಮೇಲೆ ಅಲ್ಲಿಂದ ಏಳಲೇ ಇಲ್ಲ. ಮಿಷನ್ನಿನವರು ಮೇಲ್ವಿಚಾರಕಿ ಎಂಬ ದೊಡ್ಡ ಹೆಸರು ಕೊಟ್ಟರು, ಮಕ್ಕಳು ದೊಡ್ಡಮ್ಮ ಎಂದರು. ನಿಂತದ್ದು ಮಕ್ಕಳ ಮಾತೇ.

ದಿನಾ ಬೆಳಿಗ್ಗೆ ಸ್ಟೂಲಿನ ಮೇಲೆ ಕೂತು, ಸಾಲಾಗಿ ಬಂದ ಹುಡುಗಿಯರನ್ನು ಒಬ್ಬೊಬ್ಬಳನ್ನೇ ಮುಂದೆ ಕೂರಿಸಿಕೊಂಡು, ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ ಜಡೆ ಹಾಕುತ್ತಿದ್ದಳು. ಜಡೆ ಮುಗಿಯುವವರೆಗೂ ಆ ತಲೆಯೊಡತಿಗಾಗಿ ಪ್ರಾರ್ಥನೆ. “ಕರ್ತನೇ, ಇವಳಿಗೆ ಲೆಕ್ಕ ತಲೆಗೆ ಹತ್ತಲ್ಲ, ಹತ್ತಿಸು. ಹೇನು ಮಾತ್ರ ಚೆನ್ನಾಗಿ ಹತ್ತಿದೆ, ಅದನ್ನ ಇಳಿಸು.” ದಟ್ಟ ಕೂದಲಿನವಳಿಗೆ ಉದ್ದ ಪ್ರಾರ್ಥನೆ, ತೆಳು ಕೂದಲಿನವಳು ಬೇಗ ಪಾರು. ಹೆತ್ತವರಿಲ್ಲದ ಮಗು ತನ್ನ ಹೆಸರನ್ನು ಯಾರೋ ದೇವರ ಮುಂದೆ ಹೇಳುವುದನ್ನು ದಿನಕ್ಕೊಮ್ಮೆಯಾದರೂ ಕಿವಿಯಾರೆ ಕೇಳಬೇಕು ಎಂಬುದು ಅವಳ ವಾದ. ಹಾಗೆ ಕೇಳಿಸಿಕೊಂಡು ಬೆಳೆದವರು ಇವತ್ತಿಗೂ ಗಂಡ ಮಕ್ಕಳನ್ನು ಕರೆದುಕೊಂಡು ಅವಳನ್ನು ನೋಡಲು ಬರುತ್ತಾರೆ.

ಅವಳು ಎಡವಿದ್ದು ಚೂಟಿಯ ವಿಷಯದಲ್ಲಿ. ನಾಲಿಗೆ ಚುರುಕಾದ್ದರಿಂದ ಆ ಹುಡುಗಿಗೆ ಆ ಹೆಸರು. ತನ್ನಪ್ಪ ಹಡಗಿನಲ್ಲಿ ಕೆಲಸಕ್ಕಿದ್ದಾನೆ, ಹಡಗು ದಡಕ್ಕೆ ಬಂದ ದಿನ ಬಂದು ಕರೆದೊಯ್ಯುತ್ತಾನೆ ಎಂದು ಎಲ್ಲರನ್ನೂ ನಂಬಿಸಿದ್ದಳು. ಒಂದು ಸಂಜೆ ಒಣಗಿದ ಬಟ್ಟೆ ಮಡಚುತ್ತ ದೊಡ್ಡಮ್ಮನಿಗೆ ಮಾತ್ರ ನಿಜ ಹೇಳಿದಳು. ಹಡಗೂ ಇಲ್ಲ, ಮಣ್ಣೂ ಇಲ್ಲ. ಅಪ್ಪ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂರಿಸಿ, ಬಿಸ್ಕತ್ತು ತರುತ್ತೇನೆಂದು ಹೋದವನು ಹೋದ.

“ಯಾರಿಗೂ ಹೇಳ್ಬೇಡಿ ದೊಡ್ಡಮ್ಮ.”

“ನಾನ್ಯಾಕೆ ಹೇಳ್ಲಿ?” ಎಂದಳು ದೊಡ್ಡಮ್ಮ. ಮನಸಾರೆ ಆಡಿದ ಮಾತೇ.

ಮರುದಿನ ಬೆಳಿಗ್ಗೆ ಚೂಟಿಯ ಕೂದಲು ಕೈಗೆ ಬಂದಾಗ ಅವಳಿಗೆ ಆ ಬೆಂಚಿನ ಮಾತು ನೆನಪಾಯಿತು. “ಕರ್ತನೇ, ಈ ಮಗೂನ ಬಸ್ ಸ್ಟ್ಯಾಂಡಲ್ಲಿ ಬಿಟ್ಟುಹೋದ ಆ ಅಪ್ಪನ ಮನಸ್ಸು ತಿರುಗಿಸು. ಹಡಗು ಹಡಗು ಅಂತ ಇವಳು ಸುಳ್ಳು ಹೇಳ್ಕೊಂಡು ಓಡಾಡೋದು ತಪ್ಪಲಿ.” ದೇವರಿಗೆ ಹೇಳಿದ್ದು ಬೇರೆಯವರಿಗೂ ಕೇಳುತ್ತದೆ ಎಂಬುದು ಅವಳ ತಲೆಗೇ ಹೋಗಲಿಲ್ಲ. ಸಾಲಿನಲ್ಲಿದ್ದವರ ಕಿವಿಗಳೆಲ್ಲ ನೆಟ್ಟಗಾದವು.

ಮಧ್ಯಾಹ್ನ ಊಟಕ್ಕೆ ಕೂತಾಗ ಒಬ್ಬಳು, “ಹಡಗು ಬಸ್ ಸ್ಟ್ಯಾಂಡಿಗೆ ಎಷ್ಟು ಗಂಟೆಗೆ ಬರುತ್ತಂತೆ?” ಎಂದು ಕೇಳಿಯೂಬಿಟ್ಟಳು. ಚೂಟಿ ತಟ್ಟೆ ಬಿಟ್ಟು ಎದ್ದಳು. ಸಂಜೆ ನೋಡಿದರೆ ಹೊಲಿಗೆ ಕೋಣೆಯ ಕತ್ತರಿಯಿಂದ ಜಡೆಯನ್ನು ಬುಡಕ್ಕೇ ಕತ್ತರಿಸಿ, ರಿಬ್ಬನ್ ಸಮೇತ ದೊಡ್ಡಮ್ಮನ ಸ್ಟೂಲಿನ ಮೇಲಿಟ್ಟಿದ್ದಳು.

“ಇನ್ಮೇಲೆ ನಿಮ್ಮ ಮುಂದೆ ಕೂರೋ ಕೆಲಸ ಇಲ್ಲ,” ಎಂದಳು.

ದೊಡ್ಡಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಅಡುಗೆಯವಳ ಹತ್ತಿರ ಹೋಗಿ ಸಂಕಟ ತೋಡಿಕೊಂಡಳು: “ಅವಳಿಗೋಸ್ಕರ ಬೇಡ್ಕೊಂಡಿದ್ದೇ ತಪ್ಪಾ?”

“ಬೇಡ್ಕೊಂಡಿದ್ದು ಯಾಕಕ್ಕ ತಪ್ಪಾಗುತ್ತೆ?” ಎಂದಳು ಅಡುಗೆಯವಳು, ಒಲೆಯಿಂದ ಕಣ್ಣೆತ್ತದೆ. “ಆದ್ರೆ ದೇವ್ರೇನು ಕಿವುಡನಾ?”

ದೊಡ್ಡಮ್ಮ ಅಲ್ಲಿಂದ ನೇರವಾಗಿ ನೀರಿನ ತೊಟ್ಟಿಯ ಹಿಂದೆ ಕೂತಿದ್ದ ಚೂಟಿಯ ಹತ್ತಿರ ಹೋದಳು. “ನೀನು ನಂಬಿ ಹೇಳಿದ್ದೆ, ನಾನು ಉಳಿಸ್ಕೊಳ್ಳಲಿಲ್ಲ. ತಪ್ಪಾಯ್ತು ಕಣೆ, ಹೊಟ್ಟೆಗೆ ಹಾಕ್ಕೋ.” ಚೂಟಿ ಮುಖ ತಿರುಗಿಸಿದಳು. ಈ ಮಗು ಇನ್ನು ಯಾರನ್ನೂ ನಂಬದೆ ಹೋದರೆ ಗತಿಯೇನು ಎಂದು ದೊಡ್ಡಮ್ಮನ ಎದೆ ಭಾರವಾಯಿತು.

ಮಾರನೆಯ ಬೆಳಿಗ್ಗೆ ಜಗುಲಿಯಲ್ಲಿ ಸದ್ದಿಲ್ಲ. ಗಂಟಲು ಕೆಟ್ಟಿದೆಯೇ ಎಂದು ಪಾದ್ರಿಗಳೇ ಬಂದು ವಿಚಾರಿಸಿದರು. ಬಾಯಿ ಮುಚ್ಚಿ ಪ್ರಾರ್ಥಿಸುವುದು ಅವಳಿಗೆ ಹೊಸ ವಿದ್ಯೆ. ಅರ್ಧ ಜಡೆಗೆ ಬರುವಷ್ಟರಲ್ಲಿ ಮನಸ್ಸು ಒಗೆಯುವ ಬಟ್ಟೆಯ ಕಡೆ ಓಡುತ್ತಿತ್ತು, ಅದರ ಕಿವಿ ಹಿಂಡಿ ವಾಪಸು ಕರೆತರುತ್ತಿದ್ದಳು. ದೇವರು ಕೈಬಿಡುವವನಲ್ಲ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದೆಲ್ಲ ತನ್ನ ಬಾಯಿಯ ಮೇಲೆ.

ಕೊನೆಯ ಹುಡುಗಿ ಎದ್ದುಹೋದ ಮೇಲೂ ಅವಳು ಏಳುತ್ತಿರಲಿಲ್ಲ. ಬಾಚಣಿಗೆ ಕೈಯಲ್ಲಿ ಹಿಡಿದು, ಖಾಲಿ ಜಾಗವನ್ನು ಮುಂದಿಟ್ಟುಕೊಂಡು, ಒಂದು ಜಡೆ ಹೆಣೆಯುವಷ್ಟು ಹೊತ್ತು ತುಟಿ ಅಲುಗಿಸುತ್ತ ಕೂತಿರುತ್ತಿದ್ದಳು. ಅದು ಯಾರ ಪಾಲಿನ ಹೊತ್ತು ಎಂದು ಎಲ್ಲರಿಗೂ ಗೊತ್ತಿತ್ತು. ನಲ್ಲಿಯ ಹತ್ತಿರ ಹಲ್ಲುಜ್ಜುವ ನೆಪದಲ್ಲಿ ಚೂಟಿ ದಿನಾ ನೋಡುತ್ತಿದ್ದಳು. ದೊಡ್ಡಮ್ಮ ಒಂದು ದಿನವೂ ತಪ್ಪಿಸಲಿಲ್ಲ, ಕರೆಯಲೂ ಇಲ್ಲ.

ಕೂದಲು ಕಿವಿ ಮುಚ್ಚುವಷ್ಟು ಬೆಳೆದಿದ್ದಾಗ, ಒಂದು ಬೆಳಿಗ್ಗೆ ಚೂಟಿ ಬಂದು ಆ ಖಾಲಿ ಜಾಗದಲ್ಲಿ ದಡಕ್ಕನೆ ಕೂತಳು. ದೊಡ್ಡಮ್ಮ ಇದ್ದಷ್ಟು ಕೂದಲಿಗೇ ಬಾಚಣಿಗೆ ಹಾಕಿದಳು.

“ಇಷ್ಟು ದಿನ ಏನು ಕೇಳ್ತಿದ್ರಿ?”

ದೊಡ್ಡಮ್ಮ ಬಗ್ಗಿ ಅವಳ ಕಿವಿಯಲ್ಲಿ ಹೇಳಿದಳು. ಚೂಟಿ ಪೂರ್ತಿ ಕೇಳಿಸಿಕೊಂಡಳು.

“ಅಪ್ಪನ ವಿಷಯ ಹೀಗೇ ಮೆತ್ತಗೆ ಕೇಳಿ,” ಎಂದಳು. “ಕೂದಲು ಬೇಗ ಬೆಳೀಲಿ ಅನ್ನೋದನ್ನ ಮಾತ್ರ ಜೋರಾಗಿ ಕೇಳಿ. ಜಡೆ ಹಾಕಿಸ್ಕೋಬೇಕು.”

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಎದೆ ತುಂಬ ಉಸಿರೆಳೆದುಕೊಂಡು, “ಕರ್ತನೇ,” ಎಂದಳು. ಅಂಗಳದಾಚೆ ಪಾದ್ರಿಗಳ ಗಲ್ಲಕ್ಕೆ ಬ್ಲೇಡು ತಾಗಿತು. ಅವರು ಅಲ್ಲಿಂದಲೇ ‘ಆಮೆನ್’ ಎಂದರು.