ಒಂಬತ್ತು ದಿನ, ಹದಿನಾಲ್ಕು ತಿಂಗಳು

ಚನ್ನವೀರಪ್ಪನವರು ಯಾರದಾದರೂ ಒಂದು ತಪ್ಪು ಹುಡುಕದೆ ಮಲಗಿದ ದಿನವನ್ನು ನಾನು ಕಂಡಿಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವರು. ದಾವಣಗೆರೆ, ಹರಿಹರ, ರಾಣೆಬೆನ್ನೂರಿನ ಅಂಗಡಿಗಳ ತಕ್ಕಡಿ ತಿರುಗಿಸಿ ನೋಡಿ, ತೂಕದ ಬಟ್ಟಿನಲ್ಲಿ ಹತ್ತು ಗ್ರಾಂ ಕಡಿಮೆ ಕಂಡರೂ ಮುಲಾಜಿಲ್ಲದೆ ಕೇಸು ಬರೆದವರು. ತಪಾಸಣೆಗೆ ಹೋದ ಅಂಗಡಿಯಲ್ಲಿ ಒಂದು ಲೋಟ ಚಹಾ ಕೂಡ ಕುಡಿದವರಲ್ಲವಂತೆ. ನಿವೃತ್ತಿಯಾದ ಮೇಲೆ ಸಿಂಗಸಂದ್ರದ ನಮ್ಮ ಅಪಾರ್ಟ್‌ಮೆಂಟಿಗೆ ಬಂದರು. ಇಲ್ಲಿ ತಕ್ಕಡಿಗಳಿಲ್ಲ. ಹಾಗಾಗಿ ಪಾರ್ಕಿಂಗ್ ಸಮಿತಿ ಸೇರಿಕೊಂಡರು.

ಅವರು ಬಂದ ಮೇಲೆ ಲಿಫ್ಟಿನೊಳಗೆ ಒಂದು ನೋಟೀಸು ಅಂಟಿತು. ವಿಮೆ ಇಲ್ಲದ ವಾಹನವನ್ನು ರಸ್ತೆಗೆ ಇಳಿಸುವುದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಎರಡು ಸಾವಿರ ದಂಡ, ಮತ್ತೊಮ್ಮೆ ಸಿಕ್ಕಿಬಿದ್ದರೆ ನಾಲ್ಕು ಸಾವಿರ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಅಂಥ ವಾಹನಕ್ಕೆ ನಮ್ಮ ಗೇಟಿನೊಳಗೆ ಪ್ರವೇಶವಿಲ್ಲ. ನಾನೂ ಆ ಸಮಿತಿಯಲ್ಲಿದ್ದೆ. ಓದಿ ಮನಸ್ಸಿನಲ್ಲೇ ನಕ್ಕು ಸಹಿ ಹಾಕಿದೆ. ಮುದುಕರಿಗೆ ಒಂದು ಕೆಲಸ ಬೇಕಲ್ಲ ಎಂದುಕೊಂಡೆ.

ಆ ನೋಟೀಸಿಗೆ ಮೊದಲು ಸಿಕ್ಕಿದವನು ಬಸಲಿಂಗ. ಸಿಂದಗಿ ಕಡೆಯವನು, ನಮ್ಮ ಕಟ್ಟಡದ ಆರು ಮಕ್ಕಳನ್ನು ನಾಲ್ಕು ವರ್ಷದಿಂದ ಆಟೊದಲ್ಲಿ ಶಾಲೆಗೆ ಬಿಡುತ್ತಿದ್ದವನು. ನನ್ನ ಮಗಳು ಬಿಂದುಶ್ರೀ ಆ ಆರರಲ್ಲಿ ಒಬ್ಬಳು. ಕಳೆದ ಜುಲೈನಲ್ಲಿ ಒಂದು ಬೆಳಿಗ್ಗೆ ಮಕ್ಕಳೆಲ್ಲ ಹತ್ತಿ ಕೂತಾಗಿತ್ತು. ಚನ್ನವೀರಪ್ಪನವರು ಗೇಟಿನಲ್ಲಿ ಆಟೊ ನಿಲ್ಲಿಸಿ ಕಾಗದ ಕೇಳಿದರು. ವಿಮೆ ಮುಗಿದು ಒಂಬತ್ತು ದಿನವಾಗಿತ್ತು.

"ನಮ್ಮವ್ವನ ಕಣ್ಣಿನ ಆಪರೇಶನ್‌ಗೆ ಊರಿಗೆ ಹೋಗಿದ್ನಿರಿ ಸರ. ನಿನ್ನೆ ರಾತ್ರಿ ಬಂದೇನ್ರಿ. ಇವತ್ತ ಕಟ್ತೀನ್ರಿ" ಎಂದ ಬಸಲಿಂಗ.

"ನಿನ್ನೆ ರಾತ್ರಿ ಬಂದವನು ಇವತ್ತು ಕಟ್ಟಿಸಿ ಆಮೇಲೆ ಗಾಡಿ ತೆಗೀಬೇಕಿತ್ತು. ದಾರಿಯಲ್ಲಿ ಏನಾದ್ರೂ ಆದ್ರೆ ಈ ಮಕ್ಕಳಿಗೆ ಯಾರು ದಿಕ್ಕು?" ಎಂದರು ಚನ್ನವೀರಪ್ಪ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೆಳಗಿಳಿಸಿದರು. ಬಸಲಿಂಗ ತಲೆ ತಗ್ಗಿಸಿ ಬ್ಯಾಗುಗಳನ್ನು ಒಂದೊಂದಾಗಿ ಎತ್ತಿ ಕೊಟ್ಟ.

ಅವನು ಮಧ್ಯಾಹ್ನದೊಳಗೇ ವಿಮೆ ಕಟ್ಟಿ ಕಾಗದ ತಂದು ತೋರಿಸಿದ. ಅಷ್ಟರಲ್ಲಿ ಸಮಿತಿ ಸೇರಿ ಅವನನ್ನು ಈ ಕೆಲಸದಿಂದ ಬಿಡಿಸುವುದೆಂದು ನಿರ್ಧರಿಸಿಯಾಗಿತ್ತು. ನಾನೂ ಹೂಂ ಅಂದವಳೇ. ಬಸಲಿಂಗ ಒಳ್ಳೆಯವನು ಎಂದು ನನಗೆ ಗೊತ್ತಿತ್ತು. ಆದರೆ ಎಲ್ಲರೂ ಮಕ್ಕಳ ಸುರಕ್ಷತೆ ಎನ್ನುವಾಗ ಒಬ್ಬಳೇ ಅಡ್ಡ ಮಾತಾಡುವ ಧೈರ್ಯ ನನಗೆ ಬರಲಿಲ್ಲ. ಹೊಸ ವ್ಯಾನು ಗೊತ್ತಾಗುವವರೆಗೆ, ಅಂದರೆ ನಾಲ್ಕು ದಿನ, ಚನ್ನವೀರಪ್ಪನವರೇ ತಮ್ಮ ಕಾರಿನಲ್ಲಿ ಆರೂ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತಂದರು. ನಾವೆಲ್ಲ ಅವರನ್ನು ಹೊಗಳಿದ್ದೇ ಹೊಗಳಿದ್ದು.

ಇದಾಗಿ ಎಂಟು ತಿಂಗಳ ಮೇಲೆ ಒಂದು ಭಾನುವಾರ ಅವರು, ಅವರ ಹೆಂಡತಿ ಕಮಲಮ್ಮ ಮತ್ತು ನಾನು ಅದೇ ಕಾರಿನಲ್ಲಿ ಆನೇಕಲ್ ಸಂತೆಗೆ ಹೊರಟಿದ್ದೆವು. ದಾರಿಯಲ್ಲಿ ಪೊಲೀಸರು ಗಾಡಿಗಳನ್ನು ತಡೆದು ನೋಡುತ್ತಿದ್ದರು. ಚನ್ನವೀರಪ್ಪನವರು ಖುಷಿಯಿಂದಲೇ ಪ್ಲಾಸ್ಟಿಕ್ ಫೈಲು ತೆಗೆದರು. ಕಾಗದ ತೋರಿಸುವುದೆಂದರೆ ಅವರಿಗೆ ಹಬ್ಬ.

ಪೊಲೀಸಿನವನು ಫೈಲು ನೋಡಿ, ಕೈಯಲ್ಲಿದ್ದ ಯಂತ್ರ ನೋಡಿ, "ಸಾರ್, ಇದು ನಿಮ್ ಕಾರಿಗೆ ಏಟು ಬಿದ್ರೆ ರಿಪೇರಿಗೆ ಕೊಡೋ ಇನ್ಶೂರೆನ್ಸು. ನೀವು ಯಾರ್ಗಾದ್ರೂ ಗುದ್ಬಿಟ್ರೆ ಅವ್ರಿಗೆ ಕೊಡೋದು ಎಲ್ಲಿ? ಥರ್ಡ್ ಪಾರ್ಟಿ ಮುಗ್ದು ಹದಿನಾಲ್ಕು ತಿಂಗ್ಳಾಗಿದೆ. ಕಾನೂನು ಕೇಳೋದೇ ಅದನ್ನ" ಎಂದ.

ಅವರು ವಾದಿಸಿದರು. ಥರ್ಡ್ ಪಾರ್ಟಿ ಐದು ವರ್ಷಕ್ಕೆ ಇದೆ ಎಂದರು. ಪೊಲೀಸಿನವನು ಪಾಪ, ಸಮಾಧಾನವಾಗಿ ಹೇಳಿದ: "ಐದು ವರ್ಷ ಹೊಸ ಸ್ಕೂಟರ್‌ಗೆ ಸಾರ್. ಕಾರಿಗೆ ಮೂರೇ."

ಆದದ್ದು ಇಷ್ಟು. ಕಾರಿಗಿಂತ ಮೊದಲು ಮನೆಗೆ ಬಂದದ್ದು ಕಮಲಮ್ಮನ ಸ್ಕೂಟರು. ಅದರ ಐದು ವರ್ಷ ಚನ್ನವೀರಪ್ಪನವರ ತಲೆಯಲ್ಲಿ ಕೂತಿತ್ತು. ಪ್ರತಿ ವರ್ಷ ಕಾರಿನ ರಿಪೇರಿಯ ವಿಮೆಯನ್ನು ತಪ್ಪದೆ ಫೋನಿನಲ್ಲಿ ಕಟ್ಟುತ್ತಿದ್ದರು. ಥರ್ಡ್ ಪಾರ್ಟಿ ಯಾವಾಗ ಮುಗಿಯುತ್ತದೆ ಎಂದು ಫೋನಿನ ಆ್ಯಪ್ ಕೇಳಿದಾಗ ಬೀರುವಿನಲ್ಲಿದ್ದ ಕಾಗದ ತೆಗೆದು ನೋಡದೆ, ಐದು ವರ್ಷ ಕೂಡಿಸಿ ತಾರೀಖು ಒತ್ತಿದ್ದರು. ಜೀವಮಾನವೆಲ್ಲ ಬೇರೆಯವರ ಬಟ್ಟು ತೂಗಿದವರು ಬೀರುವಿನವರೆಗೆ ಎದ್ದು ಹೋಗಲು ಸೋಮಾರಿತನ ಮಾಡಿದ್ದರು.

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು ನೋಡ್ರಿ" ಎಂದು ಕಮಲಮ್ಮ ನಕ್ಕರು. ಚನ್ನವೀರಪ್ಪನವರು ನಗಲಿಲ್ಲ. ದಂಡ ಕಟ್ಟಿದರು. ಪೊಲೀಸಿನವನು ಹೇಳಿದಂತೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ, ಫೋನಿನಲ್ಲಿ ವಿಮೆ ಕಟ್ಟಿ, ಅದು ಜಾರಿಗೆ ಬಂದಿದೆಯೇ ಎಂದು ಎರಡು ಸಲ ನೋಡಿದರು. ಆಮೇಲೆ ಕೀಲಿ ತಿರುಗಿಸದೆ ನನ್ನ ಕಡೆ ತಿರುಗಿದರು.

"ಹೇಮಲತಾ, ಜುಲೈಯಲ್ಲಿ ಈ ಗಾಡಿಗೆ ಇನ್ಶೂರೆನ್ಸ್ ಇರ್ಲಿಲ್ಲ" ಎಂದರು.

ನನಗೆ ತಕ್ಷಣ ಅರ್ಥವಾಯಿತು. ಬಸಲಿಂಗನ ಆಟೊದಿಂದ ಇಳಿಸಿದ ಮಕ್ಕಳನ್ನು ಕೂರಿಸಿಕೊಂಡದ್ದು ಇದೇ ಕಾರಿನಲ್ಲಿ. ಅವನದು ಒಂಬತ್ತು ದಿನ. ಇವರದು ಆಗಲೇ ಆರು ತಿಂಗಳು ದಾಟಿತ್ತು.

"ಯಾರಿಗೂ ಗೊತ್ತಿಲ್ಲ ಸಾರ್. ಈಗ ಕಟ್ಟಿದ್ರಲ್ಲ, ಬಿಟ್ಬಿಡಿ" ಎಂದೆ. ಹೇಳಿದ ಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಅವರ ಮಾನ ಉಳಿಸಲು ನಾನು ಆ ಮಾತು ಹೇಳಲಿಲ್ಲ. ಅವರು ಬಾಯಿ ಬಿಟ್ಟರೆ ಅಂದು ಹೂಂ ಅಂದ ನಾನೂ ತಲೆ ತಗ್ಗಿಸಬೇಕಾಗುತ್ತದೆ ಎಂಬ ಭಯಕ್ಕೆ ಹೇಳಿದೆ.

ಅವರು ಬಿಡಲಿಲ್ಲ. ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲವೆಂದು ಕಮಲಮ್ಮ ಹೇಳಿದರು. ಮುಂದಿನ ಭಾನುವಾರ ಸಮಿತಿಯ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿ, ನೋಟೀಸಿನ ಪ್ರಕಾರ ತಮ್ಮ ಕಾರನ್ನೂ ಗೇಟಿನಿಂದ ಹೊರಗಿಡಿ ಎಂದು ಕೇಳಿಕೊಂಡರು. ಎಲ್ಲರೂ ನಕ್ಕುಬಿಟ್ಟರು. "ಅಯ್ಯೋ ಬಿಡಿ ಸಾರ್, ಟೆಕ್ನಿಕಲ್ ಮಿಸ್ಟೇಕು, ಯಾರಿಗಾದ್ರೂ ಆಗುತ್ತೆ" ಎಂದು ಎರಡೇ ನಿಮಿಷಕ್ಕೆ ಕ್ಷಮಿಸಿಬಿಟ್ಟರು.

ಅವರು ಅಷ್ಟು ಸಿಟ್ಟಾದದ್ದನ್ನು ನಾನು ನೋಡಿರಲಿಲ್ಲ. "ಆ ಬಸಲಿಂಗನಿಗೆ ಯಾಕೆ ಒಬ್ರೂ ಈ ಮಾತು ಹೇಳ್ಲಿಲ್ಲ? ನಾನಂತೂ ಹೇಳ್ಲಿಲ್ಲ. ನೀವಾದ್ರೂ ಹೇಳ್ಬೇಕಿತ್ತಲ್ಲ!" ಎಂದು ಕೂಗಿದರು. ಸಭೆ ನೀರಿನ ಟ್ಯಾಂಕರಿನ ವಿಷಯಕ್ಕೆ ಹೋಯಿತು.

ಮರುದಿನ ಬಸಲಿಂಗನನ್ನು ಹುಡುಕಿಕೊಂಡು ಹೊರಟರು. ನಾನೂ ಜೊತೆಗೆ ಹೋದೆ. ಮನೆಯಲ್ಲಿ ಕೂರಲು ಆಗಲಿಲ್ಲ. ಅವನು ಬೊಮ್ಮಸಂದ್ರದಲ್ಲಿದ್ದ. ಆಟೊ ಮಾರಿ, ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಊಟ ಸಾಗಿಸುವ ಟೆಂಪೊ ಓಡಿಸುತ್ತಿದ್ದ. ನಮ್ಮನ್ನು ಕಂಡು ಡಬ್ಬಿಗಳನ್ನು ಕೆಳಗಿಟ್ಟು ಕೈ ಒರೆಸಿಕೊಂಡ. ಚನ್ನವೀರಪ್ಪನವರು ನಿಂತಲ್ಲೇ ಎಲ್ಲ ಹೇಳಿದರು. ತಪ್ಪಾಯಿತು ಎಂದರು. ವಾಪಸ್ ಬಾ, ವ್ಯಾನಿನವನಿಗೆ ನಾನೇ ಹೇಳುತ್ತೇನೆ ಎಂದರು.

"ನೀವು ಹೇಳಿದ್ದು ಖರೇನ ಇತ್ರಿ ಸರ. ಕಾಗದ ಇಲ್ಲದ ಗಾಡ್ಯಾಗ ಹುಡುಗರನ್ನ ಕುಂದರಿಸಿದ್ದು ನನ್ನ ತಪ್ಪ. ಅದಕ್ಕ ನನಗ ಸಿಟ್ಟಿಲ್ರಿ" ಎಂದ ಬಸಲಿಂಗ. "ಆದ್ರ ಅವತ್ತ ಬ್ಯಾಗ ಕೊಡುವಾಗ ಹುಡುಗರು ಕೇಳಿದ್ವು, 'ಅಂಕಲ್, ನೀ ಏನ್ ಕದ್ದಿ?' ಅಂತ. ನನಗ ಏನ್ ಹೇಳಬೇಕು ತಿಳೀಲಿಲ್ರಿ. ವಾಪಸ್ ಬರೂದು ಬ್ಯಾಡ್ರಿ. ಅವಕ್ಕ ಅಷ್ಟ ಹೇಳ್ರಿ, ನಾ ಏನೂ ಕದ್ದಿಲ್ಲಂತ."

ಚನ್ನವೀರಪ್ಪನವರು ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡರು. ಅಂದು ನಾನು ಗೇಟಿನಲ್ಲೇ ಇದ್ದೆ. ಮಕ್ಕಳು ಅವನನ್ನು ಏನೋ ಕೇಳಿದ್ದು ನನಗೂ ಕೇಳಿಸಿತ್ತು. ಏನೆಂದು ನಾನು ವಿಚಾರಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಏಳೂವರೆಗೆ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ವ್ಯಾನಿನ ಬಾಗಿಲ ಹತ್ತಿರ ನಿಂತಿದ್ದರು. ಆರು ಮಕ್ಕಳೂ ಸೇರಿದ ಮೇಲೆ, "ಮಕ್ಕಳಾ, ಬಸಲಿಂಗ ಅಂಕಲ್ ಏನೂ ಕದ್ದಿರ್ಲಿಲ್ಲ. ಅವ್ರು ಒಳ್ಳೆಯವ್ರು. ಅವ್ರು ಮಾಡಿದ್ದು ಒಂದು ಸಣ್ಣ ತಪ್ಪು, ನಾನು ಅದಕ್ಕಿಂತ ದೊಡ್ಡ ತಪ್ಪು ಮಾಡಿದ್ದೆ" ಎಂದರು.

ಮಕ್ಕಳು ಮುಖ ಮುಖ ನೋಡಿಕೊಂಡರು. ಬಿಂದುಶ್ರೀ ಮೊದಲು ಅವರನ್ನು, ಆಮೇಲೆ ನನ್ನನ್ನು ನೋಡಿದಳು.

"ಹಾಗಾದ್ರೆ ನೀವಿನ್ನೂ ಇಲ್ಲೇ ಇದ್ದೀರಲ್ಲ ತಾತ, ಅವ್ರನ್ನ ಮಾತ್ರ ಯಾಕೆ ಕಳಿಸಿದ್ರಿ?"

ಅವರು ಅಂಗಿಯ ತೋಳು ಎಳೆದು ಸರಿಮಾಡಿಕೊಂಡರು. ಅವಳು ಉತ್ತರಕ್ಕಾಗಿ ನನ್ನ ಕಡೆ ತಿರುಗಿದಳು. ಲೇಟಾಯ್ತು ಹತ್ತು ಎಂದು ನಾನು ಅವಳ ಬೆನ್ನು ತಳ್ಳಿ ವ್ಯಾನಿನ ಬಾಗಿಲು ಹಾಕಿದೆ.