ಕಾರಭಾರಿಯ ಸಹಿ

ನನಗೆ ಮೊದಲ ಲೈಸನ್ಸು ಸಿಕ್ಕಿದ್ದು ಬಾಳೆಹೊಸೂರ ಮಠಕ್ಕೆ ಹೋಗಿಬಂದದ್ದಕ್ಕೆ. ಯುದ್ಧದ ಕಾಲ. ಲಕ್ಷ್ಮೇಶ್ವರ ಆಗ ಸಂಸ್ಥಾನದ ಊರು; ಇಪ್ಪತ್ತೈದು ಮೈಲಿ ಆಚೆಯ ಗದಗು ಮುಂಬಯಿ ಸರಕಾರದ್ದು. ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಲಿಯ ಹೊಗೆಯ ಮೇಲೆ ಓಡುತ್ತಿದ್ದವು. ಬೆನ್ನಿಗೆ ಡ್ರಮ್ಮು ಕಟ್ಟಿಕೊಂಡ ಅಂಥದೊಂದು ಮೋಟಾರಿನಲ್ಲಿ ನಮ್ಮೂರಿನ ಆಡಳಿತ ನೋಡುತ್ತಿದ್ದ ಸಂಸ್ಥಾನದ ಕಾರಭಾರಿಯನ್ನು, ಅವನ ಹೆಂಡತಿಯನ್ನು, ಅತ್ತೆಯನ್ನು ಕೂರಿಸಿಕೊಂಡು ಮಠಕ್ಕೆ ಹೋಗಿ ಸಂಜೆಯೊಳಗೆ ಮರಳಿದೆ. ಕಾರಭಾರಿ ಇಳಿದು, ಕೋಟಿನ ಮೇಲಿನ ಮಸಿ ಕೊಡವಿಕೊಂಡು, ನನ್ನ ಕಿಟಕಿಯ ಹತ್ತಿರ ಬಂದು ಹೇಳಿದ:

“ಚಲೋ ಹೊಡೀತಿ ನೀ.”

ಅದೇ ಪರೀಕ್ಷೆ. ಕೈಸನ್ನೆ ಕೇಳಲಿಲ್ಲ, ಹಿಂದಕ್ಕೆ ಹೊಡೆಸಿ ನೋಡಲಿಲ್ಲ. ದಾರಿಯಲ್ಲಿ ಅತ್ತೆಗೆ ವಾಂತಿಯಾಗಲಿಲ್ಲ, ಅದೇ ನನ್ನ ಯೋಗ್ಯತೆ. ಮರುದಿನ ಬಟ್ಟೆಯ ರಟ್ಟು ಹಾಕಿದ ಸಣ್ಣದೊಂದು ಬುಕ್ಕು ಕೈಗೆ ಬಂತು. ಅದರಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಊರು, ಮಸಿಯಲ್ಲಿ ಒತ್ತಿದ ಸಂಸ್ಥಾನದ ಶಿಕ್ಕೆ. ಫೋಟೋ ಗೀಟೋ ಇಲ್ಲ. ಕಾರಭಾರಿಯ ಸಹಿ ಮಾತ್ರ ಉದ್ದನೆಯ ಬಾಲ ಬಿಟ್ಟುಕೊಂಡು ಅರ್ಧ ಪುಟ ನುಂಗಿತ್ತು. ಅಷ್ಟು ದೊಡ್ಡ ಸಹಿ ಹಾಕುವವನಿಗೆ ಅಷ್ಟೇ ದೊಡ್ಡ ಎದೆ ಇರುತ್ತದೆ ಎಂದು ನಾನು ನಂಬಿದ್ದೆ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಗದಗಿನ ಹತ್ತಿ ವ್ಯಾಪಾರಿಯೊಬ್ಬರು ತಮ್ಮ ಬಸ್ಸಿಗೆ ನನ್ನನ್ನು ಕರೆದರು. ಗದಗಿನಿಂದ ಮುಂಡರಗಿಗೆ ದಿನಕ್ಕೆ ಎರಡು ಸಲ. ಬೆಟಗೇರಿಯಲ್ಲಿ ಮನೆ ಹಿಡಿದು ಸಂಸಾರ ತಂದೆ. ಮೂರನೆಯ ದಿನ ಮಾಲಕರು ಬುಕ್ಕು ತಿರುವಿ ನೋಡಿ ವಾಪಸ್ಸು ಕೊಟ್ಟರು.

“ಇದು ಇಲ್ಲಿ ನಡಿಯಂಗಿಲ್ಲ. ಇಲ್ಲಿದು ಮಾಡಿಸ್ಕೊಂಡ ಬಾ. ತಿಂಗಳದೊಳಗ ಆಗಲಿಲ್ಲಂದ್ರ ನಾ ಬ್ಯಾರೆಯವ್ರನ್ನ ನೋಡ್ಕೋತೀನಿ.”

ಅದೇ ತಿಂಗಳು ಸಂಸ್ಥಾನವೇ ಮುಂಬಯಿಯಲ್ಲಿ ವಿಲೀನವಾಯಿತು. ಎರಡೂ ಕಡೆ ಒಂದೇ ಸರಕಾರ, ಇನ್ನು ಬದಲಿ ಮಾಡಿಸುವುದೇನು ಬಂತು ಎಂದುಕೊಂಡೆ. ಕಚೇರಿಗಳನ್ನು ಕಂಡಿರದವನ ಯೋಚನೆ ಅದು. ಮೋಟಾರಿನ ಕಾಗದ ನೋಡುವ ಗದಗಿನ ಕಚೇರಿಯಲ್ಲಿ ಹೆಡ್‌ಕ್ಲಾರ್ಕು ತಲೆ ಎತ್ತದೆಯೇ, ಲೈಸನ್ಸು ಕೊಟ್ಟ ಕಚೇರಿಯಿಂದ ಪತ್ರ ತರಬೇಕು ಎಂದ. ಆ ಕಚೇರಿ ಈಗ ಇಲ್ಲವಲ್ಲ ಎಂದೆ. ಇಲ್ಲವೆಂದು ಅವರೇ ಬರೆದು ಕೊಡಲಿ ಎಂದ. ಇಂಥ ಮಾತನ್ನು ನಗದೆ ಹೇಳುವುದಕ್ಕೂ ಸಂಬಳ ಇದೆ ಎಂದು ಆವತ್ತು ತಿಳಿಯಿತು.

ಲಕ್ಷ್ಮೇಶ್ವರಕ್ಕೆ ಹೋದರೆ ಕಚೇರಿಯ ಬಾಗಿಲಿಗೆ ಕೀಲಿ ಬಿದ್ದಿತ್ತು. ಕಾರಭಾರಿ ಸಾಹೇಬರು ಎಲ್ಲಿ ಎಂದು ಕೇಳಿದರೆ, ಗದಗಿಗೆ ಹೋದರು, ಮೋಟಾರ್ ಕಚೇರಿಯಲ್ಲಿ ಕ್ಲಾರ್ಕಾಗಿದ್ದಾರೆ ಎಂದರು. ಹೆಡ್‌ಕ್ಲಾರ್ಕು ನನ್ನನ್ನು ಯಾವ ಮನುಷ್ಯನ ಪತ್ರಕ್ಕಾಗಿ ಇಪ್ಪತ್ತೈದು ಮೈಲಿ ಓಡಿಸಿದ್ದನೋ, ಆ ಮನುಷ್ಯ ಅವನ ಬೆನ್ನ ಹಿಂದೆಯೇ ಮೂಲೆಯ ಮೇಜಿಗೆ ಕೂತಿದ್ದ.

ಮರುದಿನ ಹೋಗಿ ಗುರುತು ಹಿಡಿದೆ. ಅದೇ ಕೋಟು, ತೋಳು ಸವೆದಿತ್ತು. ಹೆಡ್‌ಕ್ಲಾರ್ಕು ಬುಕ್ಕನ್ನು ಅವನ ಮುಂದೆ ಹಿಡಿದು ಕೇಳಿದ:

“ಇದು ನಿಮ್ಮ ಸಹಿ ಏನ್ರಿ? ಪರೀಕ್ಷಾ ತಗೊಂಡ ಕೊಟ್ಟೀರೋ, ಹಂಗ ಕೊಟ್ಟೀರೋ?”

ಕಾರಭಾರಿ ಕನ್ನಡಕ ತೆಗೆದ, ಧೋತರದ ಅಂಚಿನಿಂದ ಒರೆಸಿದ, ಮತ್ತೆ ಹಾಕಿಕೊಂಡ. ನನ್ನ ಕಡೆ ನೋಡಲಿಲ್ಲ.

“ನಂದಲ್ಲ ಇದು,” ಎಂದ.

“ಸಾಹೇಬ್ರ, ಬಾಳೆಹೊಸೂರಿಗೆ ಹೋಗಿದ್ವಲ್ಲರಿ,” ಎಂದೆ.

“ಯಾವನೋ ಏನೋ, ನನಗ ಗೊತ್ತಿಲ್ಲ.”

ಅವನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ, ಪರೀಕ್ಷೆಯಿಲ್ಲದೆ ಲೈಸನ್ಸು ಕೊಟ್ಟೆ ಎಂದು ಒಪ್ಪಿದ್ದರೆ ಆ ಮೂಲೆಯ ಮೇಜೂ ಹೋಗುತ್ತಿತ್ತು ಎಂದು ಆಮೇಲೆ ಜವಾನ ಹೇಳಿದ. ಹೋಗಲಿ. ತನ್ನ ಸಹಿಯನ್ನು ತಾನೇ ನುಂಗಿದವನಿಗೆ ಮೇಜಾದರೂ ಯಾಕೆ ಬೇಕು? ಇಂಥ ಪುಕ್ಕಲನ ಮುಂದೆ ಲಕ್ಷ್ಮೇಶ್ವರ ಅಷ್ಟು ವರ್ಷ ತಲೆಯ ಪಟಗಾ ತೆಗೆದು ನಿಂತಿತ್ತಲ್ಲ ಎಂದು ನಾಚಿಕೆಯಾಯಿತು. ಹೆಡ್‌ಕ್ಲಾರ್ಕು ಬುಕ್ಕನ್ನು ನನ್ನ ಕಡೆ ಎಸೆದ. ಎತ್ತಿಕೊಂಡು ಬಂದೆ.

ಉಳಿದದ್ದು ಒಂದೇ ದಾರಿ, ಹೊಸದಾಗಿ ಕಲಿಯುವವನೆಂದು ಅರ್ಜಿ ಹಾಕುವುದು. ಇದಕ್ಕೂ ಮೊದಲು ನನ್ನ ಹತ್ತಿರ ಯಾವ ಲೈಸನ್ಸೂ ಇರಲಿಲ್ಲ ಎಂದು ಬರೆದು ಸಹಿ ಮಾಡಿದೆ. ಕಲಿಯುವವನ ಪಕ್ಕದಲ್ಲಿ ಬಲ್ಲವನೊಬ್ಬ ಕೂರಬೇಕಂತೆ. ಗದಗಿನ ಲೈಸನ್ಸು ಇದ್ದ ನನ್ನ ಷಡ್ಡಕ ಬಂದು ಕೂತ. ಅವನಿಗೆ ಗೇರು ಹಾಕುವುದನ್ನು ಕಲಿಸಿದವನು ನಾನು. ಆದರೂ ಇನ್‌ಸ್ಪೆಕ್ಟರ ಮುಂದೆ, “ಸಾವಕಾಶ, ಕ್ಲಚ್ ಒಮ್ಮೆಲೇ ಬಿಡಬ್ಯಾಡ,” ಎಂದು ಉಪದೇಶ ಮಾಡಿದ. ಪುಣೆಯಿಂದ ಬಂದಿದ್ದ ಆ ಇನ್‌ಸ್ಪೆಕ್ಟರು ಬೆಟಗೇರಿಯ ರಸ್ತೆಯ ಎತ್ತಿನ ಬಂಡಿಗಳನ್ನು ಕಂಡು ಬಾಗಿಲು ಗಟ್ಟಿಯಾಗಿ ಹಿಡಿದಿದ್ದ. ಅಂಥವನು ನನ್ನನ್ನು ಪಾಸು ಮಾಡಿದ. ನೌಕರಿ ಉಳಿಯಿತು.

ಮುಂದೆ ಎಂಟೊಂಬತ್ತು ವರ್ಷ ಕಾರಭಾರಿಯನ್ನು ಹೀಯಾಳಿಸುವುದು ನನ್ನ ಬಾಯಿಗೆ ಎಲೆಯಡಿಕೆಯಾಯಿತು. ಮುಂಡರಗಿಯ ಚಹಾದಂಗಡಿಯಲ್ಲಿ ಅವನು ಕನ್ನಡಕ ಒರೆಸಿದ್ದನ್ನು ಮಾಡಿ ತೋರಿಸಿದರೆ ಮಂದಿ ಬಿದ್ದು ಬಿದ್ದು ನಗುತ್ತಿದ್ದರು. ಗದಗಿನ ರಸ್ತೆಯಲ್ಲಿ ಅವನು ನಡೆದು ಹೋಗುವುದು ಕಂಡರೆ ಬೇಕೆಂದೇ ಹಿಂದಿನಿಂದ ಹಾರ್ನು ಹೊಡೆಯುತ್ತಿದ್ದೆ. ಅವನು ಬೆಚ್ಚಿ ಬದಿಗೆ ಸರಿಯುತ್ತಿದ್ದ. ನನಗೆ ಅದರಿಂದ ಸುಖವಾಗುತ್ತಿತ್ತು.

ಏಕೀಕರಣವಾಯಿತು. ಪೇಢೆ ಹಂಚಿದರು, ಭಾಷಣ ಮಾಡಿದವರು ತಾವೇ ನಾಡನ್ನು ಹೊತ್ತು ತಂದವರ ಹಾಗೆ ಬೆವರು ಒರೆಸಿಕೊಂಡರು. ನಾಡು ಒಂದಾಯಿತು, ನನ್ನ ಲೈಸನ್ಸು ಮಾತ್ರ ಮತ್ತೆ ಪರದೇಶಿಯಾಯಿತು. ಮುಂಬಯಿಯದನ್ನು ಕೊಟ್ಟು ಮೈಸೂರಿನದನ್ನು ಪಡೆಯಬೇಕು ಎಂದು ಹುಕುಂ ಬಂತು. ಬೆಟಗೇರಿಯ ಮನೆ ಬಿಟ್ಟು ಒಂದು ಗೇಣೂ ಕದಲದೆ ನಾನು ಹೊಸ ರಾಜ್ಯಕ್ಕೆ ಬಂದಿದ್ದೆ.

ಆ ದಿನಗಳಲ್ಲೇ ಒಂದು ಮುಂಜಾನೆ ಕಾರಭಾರಿ ನಮ್ಮ ಅಂಗಳಕ್ಕೆ ಬಂದ. ಗದಗಿನ ಅದೇ ಮೋಟಾರ್ ಕಚೇರಿಯಿಂದ ನಿವೃತ್ತನಾಗಿ ಲಕ್ಷ್ಮೇಶ್ವರಕ್ಕೆ ಮರಳಿದ್ದ. ನಾನು ಕೂರು ಎನ್ನಲಿಲ್ಲ.

“ಪೆನ್ಶನ್ ನಿಂತೈತಿ,” ಎಂದ. “ಸಂಸ್ಥಾನದ ದಫ್ತರ ಎಲ್ಲೆ ಹೋದವೋ ಯಾರಿಗೂ ಗೊತ್ತಿಲ್ಲ. ನಾ ಅಲ್ಲಿ ಕಾರಭಾರಿ ಇದ್ದೆ ಅನ್ನಾಕ ನನ್ನ ಸಹಿ, ಶಿಕ್ಕಾ ಇದ್ದ ಒಂದ ಕಾಗದ ಮೋಟಾರ್ ಕಚೇರ್ಯಾಗ ತೋರಸ್ಬೇಕಂತ. ಕಾಗದ ಪಡದಾವ ಬಂದು ಖರೆ ಅಂತ ಹೇಳಬೇಕಂತ. ಎಲ್ಲಾರೂ ತಮ್ಮ ಬುಕ್ಕ ಕಚೇರಿಗೆ ಒಪ್ಪಿಸ್ಯಾರ, ಅವೂ ರದ್ದಿಗೆ ಹೋದ್ವು. ನಿನ್ನ ಹತ್ರ ಒಂದ ಉಳದೈತಿ.”

ಉಳಿದದ್ದು ಅವನ ಕೃಪೆಯಿಂದಲೇ; ಆವತ್ತು ತನ್ನದಲ್ಲ ಎಂದದ್ದಕ್ಕೇ ಕಚೇರಿ ಅದನ್ನು ಇಟ್ಟುಕೊಳ್ಳದೆ ಎಸೆದಿತ್ತು. ಟ್ರಂಕಿನಿಂದ ಬುಕ್ಕು ತಂದು ಅವನ ಮುಖದ ಮುಂದೆ ಹಿಡಿದೆ.

“ಯಾರ ಸಹಿರಿ ಇದು?”

“ನಂದ.”

“ಕೇಳಸಲಿಲ್ರಿ.”

“ನಂದಪಾ, ನಂದ.”

ನನ್ನ ಹೆಂಡತಿ ಒಳಗಿನಿಂದ ನೀರು ತಂದಳು. “ಮನಿಗೆ ಬಂದ ಹಿರ್ಯಾರನ್ನ ಮೊದ್ಲ ಕುಂಡ್ರಸ್ರಿ,” ಎಂದು ನನ್ನನ್ನೇ ಗದರಿದಳು. ಕೂರಿಸಿದೆ. ಸಾಕಷ್ಟು ಕುಣಿಸಿಯಾಗಿತ್ತು, ಈಗ ದೊಡ್ಡ ಮನಸ್ಸು ತೋರಿಸುವ ಹುಕಿ ಬಂತು. ಬರುತ್ತೇನೆ, ನಡೆಯಿರಿ ಎಂದೆ. ಹೇಗೂ ಹೋಗುತ್ತೇನಲ್ಲ, ನನ್ನ ಲೈಸನ್ಸನ್ನೂ ಬದಲಿ ಮಾಡಿಸಿಕೊಂಡರಾಯಿತು ಎಂದು ಅದನ್ನೂ ಕಿಸೆಗೆ ಹಾಕಿಕೊಂಡೆ. ಎರಡು ಸಲ ಯಾಕೆ ಓಡಾಡಬೇಕು?

ಕಚೇರಿಯಲ್ಲಿ ಹೊಸ ಹೆಡ್‌ಕ್ಲಾರ್ಕು ಮೊದಲು ನನ್ನ ಲೈಸನ್ಸು ಇಸಿದುಕೊಂಡು ಹಳೆಯ ಅರ್ಜಿ ತೆಗೆಸಿದ. ಆಮೇಲೆ ಬಟ್ಟೆ ರಟ್ಟಿನ ಬುಕ್ಕು ಬಿಡಿಸಿದ. ಎರಡನ್ನೂ ಪಕ್ಕಪಕ್ಕ ಇಟ್ಟು ಬೆರಳಾಡಿಸಿದ.

“ಇಲ್ಲಿ ನೀನ ಬರದೀ, ಮೊದಲ ಯಾವ ಲೈಸನ್ಸೂ ಇರಲಿಲ್ಲ ಅಂತ. ಮತ್ತ ಇದು ಯಾರ್ದು? ಸುಳ್ಳ ಬರದಿದ್ರ ಇದೂ ರದ್ದಾಗತೈತಿ ನೋಡು.”

ಕಾರಭಾರಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬುಕ್ಕಿನ ಮೇಲಿನ ಹೆಸರನ್ನು ನೋಡಿದೆ. ನನ್ನದೇ ಹೆಸರು, ನನ್ನ ಅಪ್ಪನದೇ ಹೆಸರು.

“ಈ ಹೆಸರಿನವ್ರು ಲಕ್ಷ್ಮೇಶ್ವರದಾಗ ಹತ್ತ ಮಂದಿ ಅದಾರ್ರಿ,” ಎಂದೆ. “ಇದು ನಂದಲ್ಲ. ಇವರು ಯಾರಂತನೂ ನನಗ ಗೊತ್ತಿಲ್ರಿ.”

ಅವರು ಬೈಯಲಿಲ್ಲ. ಬುಕ್ಕು ತೆಗೆದುಕೊಂಡು ಕೋಟಿನೊಳಗೆ ಇಟ್ಟುಕೊಂಡು ಹೊರಗೆ ಹೋದರು. ನನ್ನ ಹೊಸ ಲೈಸನ್ಸು ಅರ್ಧ ತಾಸಿನಲ್ಲಿ ತಯಾರಾಯಿತು.

ಆಗ ನನ್ನನ್ನು ಲಕ್ಷ್ಮೇಶ್ವರದ ರೂಟಿಗೆ ಹಾಕಿದ್ದರು. ಮಧ್ಯಾಹ್ನದ ಬಸ್ಸಿಗೆ ಅವರೂ ಹತ್ತಿದರು, ಊರಿಗೆ ಬೇರೆ ಬಸ್ಸು ಇರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತಿದ್ದರು. ಇಪ್ಪತ್ತೈದು ಮೈಲಿ ನಾನು ತಗ್ಗು ತಪ್ಪಿಸಿ ತಪ್ಪಿಸಿ ಹೊಡೆದೆ. ಮಾಡಬಹುದಾದದ್ದು ಅಷ್ಟೇ ಉಳಿದಿತ್ತು. ಲಕ್ಷ್ಮೇಶ್ವರದಲ್ಲಿ ಎಲ್ಲರೂ ಇಳಿದ ಮೇಲೆ ಅವರು ಇಳಿದರು, ಕೋಟಿನ ಧೂಳು ಕೊಡವಿಕೊಂಡು ನನ್ನ ಕಿಟಕಿಯ ಹತ್ತಿರ ಬಂದರು.

“ಚಲೋ ಹೊಡದಿ,” ಎಂದರು.

ಆ ಮಾತಿನಲ್ಲಿ ಕುಹಕ ಇತ್ತೇ ಎಂದು ಇಷ್ಟು ವರ್ಷ ಹುಡುಕಿದ್ದೇನೆ. ಇರಲಿಲ್ಲ. ಇದ್ದಿದ್ದರೆ ಇವತ್ತಿಗೂ ಅವರನ್ನು ಹೀಯಾಳಿಸಿಕೊಂಡು ಸುಖವಾಗಿ ಇರುತ್ತಿದ್ದೆ.